ಮ್ಯಾಪಿನ ಬಣ್ಣ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

"ಮ್ಯಾಪ್ ಪೂರ್ತಿ ಒಂದೇ ಬಣ್ಣ ಬಂದಿದೆ, ಯಾವ ಕಲರ್ ಹಾಕಿದ್ರೆ ಸರಿ ಹೋಗುತ್ತೆ?"

ಜಿಲ್ಲಾವಾರು, ತಾಲ್ಲೂಕುವಾರು ನಕ್ಷೆ ಮಾಡುವವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದೇ. ನನ್ನ ಉತ್ತರವೂ ಪ್ರತಿ ಸಲ ಒಂದೇ. ಬಣ್ಣದ ಪೆಟ್ಟಿಗೆ ಮುಚ್ಚಿ, ಮೊದಲು ಅಂಕಿ ನೋಡಿ. ಬಣ್ಣದ್ದೇ ತಪ್ಪು ಎಂದು ಬಂದ ಹತ್ತು ನಕ್ಷೆಗಳಲ್ಲಿ ಏಳೆಂಟರಲ್ಲಿ ಬಣ್ಣಕ್ಕೆ ಏನೂ ಆಗಿರುವುದಿಲ್ಲ. ಅಂಕಿಗಳನ್ನು ಗುಂಪು ಮಾಡಿದ ರೀತಿ ಕೆಟ್ಟಿರುತ್ತದೆ.

ಕೆಳಗಿನ ಉದಾಹರಣೆಗಳೆಲ್ಲ ಕ್ಯೂಜಿಐಎಸ್‌ನವು. ಅದು ನಕ್ಷೆ ಮಾಡುವ ಸಾಫ್ಟ್‌ವೇರ್. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು, ಅದಕ್ಕೆ. ಅಂಕಿಗಳು 2011ರ ಜನಗಣತಿಯವು. ಆಗ ಕರ್ನಾಟಕದಲ್ಲಿ 30 ಜಿಲ್ಲೆಗಳಿದ್ದವು.

ಕೈ ಹಾಕುವ ಮುಂಚೆ

ಡೇಟಾ ಫೈಲಿನ ಒಂದು ಕಾಪಿ ಬೇರೆ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಸಿಂಬಾಲಜಿಯಲ್ಲಿ, ಅಂದರೆ ಬಣ್ಣ, ಚಿಹ್ನೆ ಆರಿಸುವ ಪುಟದಲ್ಲಿ, ಏನೇ ಬದಲಿಸಿದರೂ ಡೇಟಾ ಹಾಳಾಗುವುದಿಲ್ಲ, ಅಲ್ಲಿ ಧೈರ್ಯವಾಗಿ ಆಟ ಆಡಿ. ಆದರೆ ಫೀಲ್ಡ್ ಕ್ಯಾಲ್ಕುಲೇಟರಿನಲ್ಲಿ ಇರುವ ಕಾಲಂ ಮೇಲೆಯೇ ಲೆಕ್ಕ ಮಾಡಿ ಸೇವ್ ಒತ್ತಿದರೆ ಹಳೆಯ ಅಂಕಿ ಹೋಯಿತು. ಯಾವಾಗಲೂ ಹೊಸ ಕಾಲಂ ಮಾಡಿ.

ಆಮೇಲೆ ಎರಡು ನಿಮಿಷದ ಕೆಲಸ. ಲೇಯರಿಗೆ (ನಕ್ಷೆಯ ಪದರಕ್ಕೆ) ಟಿಕ್ ಇದೆಯಾ? ಮೇಲೆ ಬೇರೆ ಲೇಯರ್ ಕೂತು ಮುಚ್ಚಿದೆಯಾ? ಒಪಾಸಿಟಿ (ಕೆಳಗಿನದು ಕಾಣದಂತೆ ಮುಚ್ಚುವ ಪ್ರಮಾಣ) 100ಕ್ಕಿಂತ ಕಡಿಮೆ ಇದೆಯಾ? ಕೆಳಗಿನ ಸ್ಯಾಟಲೈಟ್ ಚಿತ್ರದ ಹಸಿರು ನಿಮ್ಮ ಹಳದಿಯ ಜೊತೆ ಬೆರೆತರೆ ಲೆಜೆಂಡಿನಲ್ಲಿ (ಯಾವ ಬಣ್ಣ ಏನು ಎಂದು ಹೇಳುವ ಪಟ್ಟಿಯಲ್ಲಿ) ಇಲ್ಲದ ಮೂರನೇ ಬಣ್ಣ ಹುಟ್ಟುತ್ತದೆ. ಸುಮ್ನೆ ಬೇಸ್‌ಮ್ಯಾಪ್ ಆಫ್ ಮಾಡಿ ನೋಡಿ. ಇಲ್ಲಿಗೇ ಸರಿಹೋದರೆ ಮುಂದೆ ಓದಬೇಕಿಲ್ಲ.

ಲಕ್ಷಣ: ಇಡೀ ರಾಜ್ಯ ತಿಳಿಬಣ್ಣ, ಒಂದೇ ಒಂದು ಜಿಲ್ಲೆ ಕಡುಬಣ್ಣ

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ.

ಜನಸಾಂದ್ರತೆಯ ನಕ್ಷೆ ತೆಗೆದುಕೊಳ್ಳಿ. ಕೊಡಗಿನಲ್ಲಿ ಚದರ ಕಿಲೋಮೀಟರಿಗೆ 135 ಜನ. ಅದು ರಾಜ್ಯದಲ್ಲೇ ಕಡಿಮೆ. ಬೆಂಗಳೂರು ನಗರ ಜಿಲ್ಲೆಯಲ್ಲಿ ಸುಮಾರು 4,380. ಇವೆರಡರ ಮಧ್ಯೆ ಉಳಿದ 28 ಜಿಲ್ಲೆಗಳಿವೆ, ಅವುಗಳಲ್ಲಿ ಒಂದೂ 500 ದಾಟಿಲ್ಲ.

ಈಗ ಸಿಂಬಾಲಜಿಯ 'ಗ್ರಾಜುಯೇಟೆಡ್' (ಅಂಕಿಯ ಗುಂಪಿಗೆ ತಕ್ಕ ಬಣ್ಣ ಕೊಡುವ ಬಗೆ) ಪುಟದ ಮೋಡ್ ಎಂಬಲ್ಲಿ 'ಈಕ್ವಲ್ ಇಂಟರ್ವಲ್' ಆರಿಸಿ 5 ಕ್ಲಾಸ್ (ಗುಂಪು) ಕೊಟ್ಟಿರಿ ಅನ್ನಿ. ಸಾಫ್ಟ್‌ವೇರ್ 135ರಿಂದ 4,380ರವರೆಗಿನ ಅಂತರವನ್ನು ಐದು ಸಮಪಾಲು ಮಾಡುತ್ತದೆ. ಒಂದೊಂದು ಪಾಲು ಸುಮಾರು 849. ಮೊದಲ ಕ್ಲಾಸ್ 135ರಿಂದ 984. ಕೊಡಗು, ಕಲಬುರಗಿ, ಮೈಸೂರು, ಮಂಗಳೂರಿನ ಕಡೆ ಎಲ್ಲವೂ ಅದರೊಳಗೇ. ನಡುವಿನ ಮೂರು ಕ್ಲಾಸ್ ಖಾಲಿ. ಕೊನೆಯದರಲ್ಲಿ ಬೆಂಗಳೂರು ಒಬ್ಬಂಟಿ. ಇದಕ್ಕೆ ನೀವು ಕೆಂಪು ಹಾಕಿ, ನೀಲಿ ಹಾಕಿ, ನೇರಳೆ ಹಾಕಿ, ಚಿತ್ರ ಬದಲಾಗದು. 29 ಜಿಲ್ಲೆ ಒಂದೇ ಡಬ್ಬಿಯಲ್ಲಿವೆ.

ಪರೀಕ್ಷೆ ಸುಲಭ. ಸಿಂಬಾಲಜಿಯ ಗ್ರಾಜುಯೇಟೆಡ್ ಪುಟದಲ್ಲಿ 'ಹಿಸ್ಟೋಗ್ರಾಮ್' ಎಂಬ ಟ್ಯಾಬ್ ಇದೆ. 'ಲೋಡ್ ವ್ಯಾಲ್ಯೂಸ್' ಒತ್ತಿ. ಎಡಗಡೆ ಒಂದು ಗುಡ್ಡೆ, ಬಲತುದಿಯಲ್ಲಿ ಒಂದು ಒಂಟಿ ಕಡ್ಡಿ ಕಂಡರೆ ರೋಗ ಇದೇ.

ಮೊದಲ ಔಷಧಿ, ಮೋಡ್ ಬದಲಿಸಿ 'ಈಕ್ವಲ್ ಕೌಂಟ್' ಮಾಡುವುದು. ಒಂದೊಂದು ಕ್ಲಾಸಿಗೆ ಆರು ಜಿಲ್ಲೆಯಂತೆ ಹಂಚುತ್ತದೆ. ನಕ್ಷೆ ತಕ್ಷಣ ಬಣ್ಣಬಣ್ಣವಾಗುತ್ತದೆ, ನೋಡುವವರಿಗೂ ಖುಷಿ. ಆದರೆ ಹುಷಾರು, ಇದೂ ಅರ್ಧ ಸುಳ್ಳು ಹೇಳುತ್ತದೆ. ಕೊನೆಯ ಗುಂಪಿನಲ್ಲಿ 4,380ರ ಬೆಂಗಳೂರೂ 500ರ ಒಳಗಿನ ಐದು ಜಿಲ್ಲೆಗಳೂ ಒಂದೇ ಬಣ್ಣ ತೊಟ್ಟು ಕೂರುತ್ತವೆ. ಲೆಜೆಂಡಿನ ಕೊನೆಯ ಸಾಲು 400ಕ್ಕೂ ಕೆಳಗಿನಿಂದ 4,380ರವರೆಗೆ ಹಿಗ್ಗಿರುವುದು ಕಂಡರೆ ಅದೇ ಸುಳಿವು.

ಎರಡನೆಯದು 'ನ್ಯಾಚುರಲ್ ಬ್ರೇಕ್ಸ್'. ಅಂಕಿಗಳ ನಡುವೆ ಎಲ್ಲಿ ದೊಡ್ಡ ಕಂದಕ ಇದೆಯೋ ಅಲ್ಲಿ ಕತ್ತರಿಸುತ್ತದೆ. ಇಲ್ಲಿ ಬೆಂಗಳೂರನ್ನು ಬೇರೆ ಇಟ್ಟು ಉಳಿದವನ್ನು ನಾಲ್ಕಾಗಿ ಒಡೆಯುತ್ತದೆ. ಒಂದೇ ನಕ್ಷೆಗೆ ಇದು ಒಳ್ಳೆಯದು. 2001 ಮತ್ತು 2011ರ ಎರಡು ನಕ್ಷೆ ಪಕ್ಕಪಕ್ಕ ಇಡಬೇಕಾದರೆ ಕೆಲಸಕ್ಕೆ ಬಾರದು. ಎರಡರ ಗಡಿಗಳೂ ಬೇರೆ ಬೇರೆ ಬರುತ್ತವೆ, ಅದೇ ಬಣ್ಣಕ್ಕೆ ಎರಡು ಅರ್ಥ ಆಗುತ್ತದೆ.

ನಾನು ಕೊನೆಗೆ ಮಾಡುವುದು ಇಷ್ಟು: ಗಡಿಗಳನ್ನು ಕೈಯಲ್ಲೇ ಬರೆಯುತ್ತೇನೆ. 200ರ ಒಳಗೆ, 200–300, 300–400, 400–500, ಆಮೇಲೆ ಬೆಂಗಳೂರು. ಕ್ಲಾಸಿನ ಅಂಕಿಯ ಮೇಲೆ ಎರಡು ಸಲ ಒತ್ತಿದರೆ ತಿದ್ದಬಹುದು. ಗುಂಡು ಅಂಕಿಗಳು ಓದುವವರ ತಲೆಯಲ್ಲೂ ನಿಲ್ಲುತ್ತವೆ.

ಲಕ್ಷಣ: ಕೆಲವು ಜಿಲ್ಲೆಗಳು ಮಾಯ, ಆ ಜಾಗ ಬಿಳಿ

ಮೊದಲು ಅಗ್ಗದ ಕಾರಣ. ನೀವು ಡೇಟಾ ಹೊಸದು ತಂದಿದ್ದೀರಿ, ಕ್ಲಾಸ್ ಹಳೆಯದೇ ಇದೆ. ಯಾವ ಕ್ಲಾಸಿನೊಳಗೂ ಬೀಳದ ಅಂಕಿಯನ್ನು ಕ್ಯೂಜಿಐಎಸ್ ಬಿಡಿಸುವುದೇ ಇಲ್ಲ, ಗಡಿ ಗೆರೆಯೂ ಬರುವುದಿಲ್ಲ. 'ಕ್ಲಾಸಿಫೈ' ಇನ್ನೊಮ್ಮೆ ಒತ್ತಿ. ಕೈಯಲ್ಲಿ ಬರೆದ ಗಡಿಗಳಾದರೆ ಮಧ್ಯೆ ಸಂದು ಉಳಿದಿದೆಯಾ ನೋಡಿ. ಒಂದು 299ಕ್ಕೆ ಮುಗಿದು ಇನ್ನೊಂದು 300ಕ್ಕೆ ಶುರುವಾದರೆ 299.4 ಎಲ್ಲಿಗೆ ಹೋಗಬೇಕು?

ಅದಲ್ಲದಿದ್ದರೆ ಆಟ್ರಿಬ್ಯೂಟ್ ಟೇಬಲ್ (ನಕ್ಷೆಯ ಹಿಂದಿರುವ ಅಂಕಿಗಳ ಪಟ್ಟಿ) ತೆರೆಯಿರಿ. ಮಾಯವಾದ ಜಿಲ್ಲೆಯ ಸಾಲಿನಲ್ಲಿ 'ನಲ್' (ಖಾಲಿ) ಎಂದಿದ್ದರೆ ಜಾಯಿನ್, ಅಂದರೆ ನಕ್ಷೆಗೂ ನಿಮ್ಮ ಹಾಳೆಗೂ ಹಾಕಿದ ಜೋಡಣೆ, ಕೆಟ್ಟಿದೆ. ನಮ್ಮಲ್ಲಿ ಇದಕ್ಕೆ ಒಂದು ಖಾಸಾ ಕಾರಣ ಇದೆ. 2014ರ ನವೆಂಬರ್ 1ರಂದು 12 ಊರುಗಳ ಹೆಸರು ಬದಲಾದವು. ನಕ್ಷೆಯ ಫೈಲಿನಲ್ಲಿ ಗುಲ್ಬರ್ಗಾ, ಬೆಳಗಾಂ, ಬಿಜಾಪುರ ಇರುತ್ತದೆ. ನಿಮ್ಮ ಎಕ್ಸೆಲ್ ಹಾಳೆಯಲ್ಲಿ ಕಲಬುರಗಿ, ಬೆಳಗಾವಿ, ವಿಜಯಪುರ. ನಮಗೆ ಎರಡೂ ಒಂದೇ ಊರು, ಕಂಪ್ಯೂಟರಿಗೆ ಸಂಬಂಧವೇ ಇಲ್ಲ. ಹೆಸರಿನ ಕೊನೆಯಲ್ಲಿ ಕಾಣದ ಒಂದು ಸ್ಪೇಸ್ ಇದ್ದರೂ ಸಾಕು, ಜೋಡಿ ಆಗುವುದಿಲ್ಲ.

ಶಾಶ್ವತ ಪರಿಹಾರ ಎಂದರೆ ಹೆಸರು ಬಿಟ್ಟು ಜನಗಣತಿಯ ಕೋಡ್ ಸಂಖ್ಯೆಯ ಮೇಲೆ ಜಾಯಿನ್ ಮಾಡುವುದು. ಅಲ್ಲೂ ಒಂದು ಕಡೆ '05', ಇನ್ನೊಂದು ಕಡೆ '5' ಇದ್ದರೆ ಮತ್ತೆ ಅದೇ ಕಥೆ.

ವಿಜಯನಗರ ಜಿಲ್ಲೆಯದು ಬೇರೆ ತಾಪತ್ರಯ. ಅದು ಬಳ್ಳಾರಿಯಿಂದ ಬೇರೆಯಾಗಿದ್ದು 2021ರಲ್ಲಿ. ಹೊಸ ಗಡಿಯ ನಕ್ಷೆಗೆ 2011ರ ಜಿಲ್ಲಾ ಅಂಕಿ ಜೋಡಿಸಿದರೆ ಅದು ಖಾಲಿಯೇ ಬರುತ್ತದೆ. ಬಳ್ಳಾರಿಯ ಅಂಕಿಯನ್ನು ಅಂದಾಜಿನ ಮೇಲೆ ಅರ್ಧ ಮಾಡಿ ತುಂಬಬೇಡಿ. ತಾಲ್ಲೂಕು ಅಂಕಿ ಕೂಡಿಸಿ ಮಾಡಿ, ಇಲ್ಲವೇ ಹಳೆಯ ಗಡಿಯನ್ನೇ ಬಳಸಿ ಕೆಳಗೆ '2011ರ ಗಡಿ' ಎಂದು ಬರೆಯಿರಿ.

ಮಾಹಿತಿ ನಿಜವಾಗಿಯೂ ಇಲ್ಲದ ಜಾಗವನ್ನು ಬಿಳಿ ಬಿಡಬೇಡಿ. ಬಿಳಿ ಎಂದರೆ ಸೊನ್ನೆ ಎಂದು ಜನ ಓದುತ್ತಾರೆ. ಅದೇ ಲೇಯರಿನ ನಕಲು ಮಾಡಿ ಕೆಳಗಿಟ್ಟು, ಬೂದು ಬಣ್ಣದ ಓರೆಗೆರೆ ತುಂಬಿಸಿ. ಖಾಲಿ ಜಾಗದಲ್ಲಿ ಅದು ಇಣುಕುತ್ತದೆ. ಲೆಜೆಂಡಿನಲ್ಲಿ 'ಮಾಹಿತಿ ಇಲ್ಲ' ಎನ್ನಿ.

ಲಕ್ಷಣ: ಬೇಕಾದ ಕಾಲಂ ಪಟ್ಟಿಯಲ್ಲೇ ಸಿಗುತ್ತಿಲ್ಲ

ಗ್ರಾಜುಯೇಟೆಡ್‌ಗೆ ಸಂಖ್ಯೆ ಬೇಕು. ನಿಮ್ಮ ಹಾಳೆಯಲ್ಲಿ 96,21,551 ಎಂದು ಕಾಮಾ ಹಾಕಿ ಬರೆದಿದ್ದರೆ ಅದು ಅಕ್ಷರವಾಗಿ ಒಳಬಂದಿರುತ್ತದೆ. ಟೇಬಲಿನಲ್ಲಿ ಅಂಕಿ ಎಡಕ್ಕೆ ಅಂಟಿಕೊಂಡಿದ್ದರೆ ಅಕ್ಷರ, ಬಲಕ್ಕಿದ್ದರೆ ಸಂಖ್ಯೆ. ಎಕ್ಸೆಲಿನಲ್ಲೇ ಕಾಮಾ ತೆಗೆದು, '-' ಮತ್ತು 'ಇಲ್ಲ' ಎಂದು ತುಂಬಿದ ಕೋಶಗಳನ್ನು ಖಾಲಿ ಮಾಡಿ ಮತ್ತೆ ತನ್ನಿ.

ಈ ದೋಷ ಗೊತ್ತಾಗದೆ ಕೆಲವರು ಅದೇ ಕಾಲಮನ್ನು ಕೆಟಗರೈಸ್ಡ್‌ನಲ್ಲಿ ಹಾಕುತ್ತಾರೆ. ಆಗ 30 ಜಿಲ್ಲೆಗೆ 30 ಗೊತ್ತುಗುರಿಯಿಲ್ಲದ ಬಣ್ಣ ಬರುತ್ತದೆ, ಜಾತ್ರೆಯ ಬಲೂನಿನಂತೆ. ಜಾಸ್ತಿ ಕಡಿಮೆ ಎಂಬುದು ಅದರಲ್ಲಿ ಎಲ್ಲೂ ಕಾಣುವುದಿಲ್ಲ. ಕೆಟಗರೈಸ್ಡ್ ಇರುವುದು ಮಣ್ಣಿನ ಬಗೆ, ಬೆಳೆ, ಭಾಷೆ ಇಂಥವಕ್ಕೆ. ಅಲ್ಲೂ ಏಳೆಂಟು ಬಣ್ಣ ದಾಟಿದರೆ ಕಣ್ಣು ಲೆಜೆಂಡಿಗೂ ನಕ್ಷೆಗೂ ಓಡಾಡಿ ಸೋಲುತ್ತದೆ. ಸಣ್ಣಪುಟ್ಟವನ್ನು 'ಇತರೆ'ಗೆ ಸೇರಿಸಿ.

ಲಕ್ಷಣ: ಏನೇ ಅಂಕಿ ಹಾಕಿದರೂ ಬೆಳಗಾವಿಯೇ ಕಡುಬಣ್ಣ

ಜನಸಂಖ್ಯೆ, ಶಾಲೆಗಳ ಸಂಖ್ಯೆ, ದನಕರು, ಬೋರ್‌ವೆಲ್, ಯಾವುದನ್ನು ಹಾಕಿದರೂ ದೊಡ್ಡ ಜಿಲ್ಲೆಗಳೇ ಎದ್ದು ಕಾಣುತ್ತಿದ್ದರೆ ನೀವು ಒಟ್ಟು ಎಣಿಕೆಗೆ ಬಣ್ಣ ಬಳಿದಿದ್ದೀರಿ. ಬೆಳಗಾವಿ 13,415 ಚದರ ಕಿಲೋಮೀಟರ್, ಜನ 47.8 ಲಕ್ಷ. ಬೆಂಗಳೂರು ಗ್ರಾಮಾಂತರದಲ್ಲಿ 10 ಲಕ್ಷಕ್ಕೂ ಕಡಿಮೆ. ಎಣಿಕೆಯ ನಕ್ಷೆಯಲ್ಲಿ ಗ್ರಾಮಾಂತರ ಪೇಲವ. ಸಾಂದ್ರತೆ ನೋಡಿದರೆ ಬೆಳಗಾವಿಯದು 356, ಗ್ರಾಮಾಂತರದ್ದು 400ರ ಮೇಲೆ. ಚಿತ್ರ ತಿರುಗುಮುರುಗು!

ಪ್ರದೇಶಕ್ಕೆ ಬಣ್ಣ ತುಂಬುವುದಾದರೆ ಭಾಗಿಸಿದ ಅಂಕಿ ಬೇಕು: ಚದರ ಕಿಲೋಮೀಟರಿಗೆ, ಸಾವಿರ ಜನಕ್ಕೆ, ಅಥವಾ ಶೇಕಡಾ. ವ್ಯಾಲ್ಯೂ ಜಾಗದಲ್ಲಿ ಕಾಲಂ ಬದಲು ಭಾಗಾಕಾರವನ್ನೇ ಬರೆಯಬಹುದು. ಒಟ್ಟು ಎಣಿಕೆಯನ್ನೇ ತೋರಿಸಬೇಕು ಎಂದರೆ ಬಣ್ಣ ಬಿಡಿ, ಜಿಲ್ಲೆಯ ನಡುವೆ ವೃತ್ತ ಹಾಕಿ.

ಲಕ್ಷಣ: ನೋಡಿದವರು ನಕ್ಷೆಯನ್ನು ಉಲ್ಟಾ ಓದುತ್ತಾರೆ

ಈಗ ನಿಜವಾದ ಬಣ್ಣದ ದೋಷಕ್ಕೆ ಬಂದೆವು. ಲೆಜೆಂಡ್ ಮುಚ್ಚಿ, ಪಕ್ಕದಲ್ಲಿರುವವರನ್ನು ಕರೆದು "ಎಲ್ಲಿ ಜಾಸ್ತಿ?" ಎಂದು ಕೇಳಿ. ತಡವರಿಸಿದರೆ ಕಾರಣ ಈ ಮೂರರಲ್ಲಿ ಒಂದು.

ಕಾಮನಬಿಲ್ಲು ಹಾಕಿದ್ದೀರಿ. ಹಳದಿ, ಹಸಿರು, ನೇರಳೆಯಲ್ಲಿ ಯಾವುದು ದೊಡ್ಡದು? ಕಣ್ಣಿಗೆ ಇದರ ಉತ್ತರ ಗೊತ್ತಿಲ್ಲ. ಒಂದೇ ಬಣ್ಣ ತಿಳಿಯಿಂದ ಕಡುವಿಗೆ ಹೋದರೆ ಯಾರೂ ಹೇಳಿಕೊಡಬೇಕಿಲ್ಲ, ಬಿಳಿ ಹಿನ್ನೆಲೆಯಲ್ಲಿ ಕಡು ಎಂದರೆ ಜಾಸ್ತಿ.

ಎರಡನೆಯದು, ನಡುಬಿಂದು ತಪ್ಪಿದೆ. ಮಳೆ ವಾಡಿಕೆಗಿಂತ ಎಷ್ಟು ಹೆಚ್ಚು ಕಡಿಮೆ ಎಂಬ ನಕ್ಷೆಗೆ ಎರಡು ಬಾಲದ ಬಣ್ಣ ಬೇಕು, ಕಂದುವಿನಿಂದ ಬಿಳಿ ದಾಟಿ ನೀಲಿಹಸಿರಿಗೆ. ಬಿಳಿ ಸೊನ್ನೆಯಲ್ಲೇ ಕೂರಬೇಕು. ಅಂಕಿಗಳು -60ರಿಂದ +20ರವರೆಗೆ ಇದ್ದರೆ ಸಾಫ್ಟ್‌ವೇರ್ ಸುಮ್ನೆ ಮಧ್ಯ ಹುಡುಕಿ ಬಿಳಿಯನ್ನು -20ರಲ್ಲಿ ಕೂರಿಸುತ್ತದೆ. ಮಳೆ ಕೊರತೆಯಾದ ತಾಲ್ಲೂಕು 'ವಾಡಿಕೆ' ಎಂಬಂತೆ ಕಾಣುತ್ತದೆ. 'ಸಿಮೆಟ್ರಿಕ್ ಕ್ಲಾಸಿಫಿಕೇಶನ್'ಗೆ ಟಿಕ್ ಹಾಕಿ ಸೊನ್ನೆ ಕೊಡಿ.

ಹವಾಮಾನ ಇಲಾಖೆಯ ಮಳೆ ಹಂಚಿಕೆ ನಕ್ಷೆ ನೋಡಿದ್ದೀರಾ? ಅದರಲ್ಲಿ -19ರಿಂದ +19 ಶೇಕಡಾವರೆಗೆ ವಾಡಿಕೆ, ಹಸಿರು. ಕೊರತೆಗೆ ಕೆಂಪು, ತೀವ್ರ ಕೊರತೆಗೆ ಹಳದಿ. ಅದೇ ಇಲಾಖೆಯ ಎಚ್ಚರಿಕೆಗಳಲ್ಲಿ ಕೆಂಪು ಹಳದಿಗಿಂತ ಗಂಭೀರ. ಪತ್ರಿಕೆಗೋ ವರದಿಗೋ ಅವರ ವರ್ಗಗಳನ್ನೇ ಬಳಸುವುದಾದರೆ ಗಡಿ ಅಂಕಿ ಅವರದೇ ಇರಲಿ. ಬಣ್ಣ ಬದಲಿಸಿದರೆ ಲೆಜೆಂಡನ್ನು ದೊಡ್ಡದಾಗಿ ಹಾಕಿ, ಹಳೆಯ ನಕ್ಷೆ ನೋಡಿ ರೂಢಿಯಾದ ಕಣ್ಣು ಎಡವುತ್ತದೆ.

ಮೂರನೆಯದು, ಬಣ್ಣಕ್ಕೆ ಮುಂಚೆಯೇ ಅರ್ಥ ಇದೆ. ತಿಳಿನೀಲಿ ಎಂದರೆ ನೀರು. ಅರಬ್ಬಿ ಸಮುದ್ರಕ್ಕೂ ತಿಳಿನೀಲಿ, ನಿಮ್ಮ ಕಡಿಮೆ ಕ್ಲಾಸಿಗೂ ತಿಳಿನೀಲಿ ಹಾಕಿದರೆ ಕಾರವಾರದಿಂದ ಕುಂದಾಪುರದವರೆಗೆ ದಡವೇ ಕರಗಿಹೋಗುತ್ತದೆ. ಸಮುದ್ರವನ್ನು ಬೂದು ಮಾಡಿ.

ಲಕ್ಷಣ: ಸ್ಕ್ರೀನಿನಲ್ಲಿ ಚೆಂದ, ಝೆರಾಕ್ಸಿನಲ್ಲಿ ಗೋವಿಂದ

ಇದು ನನ್ನದೇ ಪೆಟ್ಟು. ಒಂದು ಸಭೆಗೆ ಬೆಳೆ ಸ್ಥಿತಿಯ ನಕ್ಷೆ ಮಾಡಿದ್ದೆ. ಒಳ್ಳೆಯ ಬೆಳೆಗೆ ಹಸಿರು, ಒಣಗಿದ್ದಕ್ಕೆ ಕೆಂಪು. ಅಲ್ಲಿನವರು ಖರ್ಚು ಉಳಿಸಲು ಕಪ್ಪುಬಿಳುಪಿನಲ್ಲಿ ನಲವತ್ತು ಪ್ರತಿ ತೆಗೆಸಿ ಹಂಚಿದರು. ಕೆಂಪು, ಹಸಿರು ಎರಡೂ ಒಂದೇ ಬೂದು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಹಾಳೆ ತಿರುಗಿಸಿ ತಿರುಗಿಸಿ ನೋಡಿ, "ಇದರಲ್ಲಿ ಬರ ಎಲ್ಲಪ್ಪಾ ಇದೆ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಪ್ರತಿ ತೆಗೆಯದಿದ್ದರೂ ಈ ಜೋಡಿ ಅಪಾಯವೇ. ಕೆಂಪು ಹಸಿರು ಬೇರ್ಪಡಿಸಿ ಕಾಣದ ಕಣ್ಣು ಹುಟ್ಟಿನಿಂದಲೇ ಕೆಲವರಿಗೆ ಇರುತ್ತದೆ, ಹೆಂಗಸರಿಗಿಂತ ಗಂಡಸರಲ್ಲಿ ಬಹಳ ಜಾಸ್ತಿ. ಅವರಲ್ಲಿ ಎಷ್ಟೋ ಜನ ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ.

ಪರೀಕ್ಷೆ ಬಿಟ್ಟಿ. 'ವ್ಯೂ' ಮೆನುವಿನಲ್ಲಿ 'ಪ್ರಿವ್ಯೂ ಮೋಡ್' ಇದೆ. ಒಂದು ಸಲ ಕಪ್ಪುಬಿಳುಪು, ಆಮೇಲೆ ಕೆಂಪು ಕಾಣದ, ಹಸಿರು ಕಾಣದ ಕಣ್ಣಿನಂತೆ ತೋರಿಸುತ್ತದೆ. ಎರಡು ಕ್ಲಾಸ್ ಒಂದಾಗಿ ಕಂಡರೆ ಕಲರ್ ರ‍್ಯಾಂಪ್ ಬದಲಿಸಿ. 'ವಿರಿಡಿಸ್' ಎಂಬ ಸಿದ್ಧ ಬಣ್ಣಸಾಲು ಸಾಮಾನ್ಯವಾಗಿ ಪಾಸಾಗುತ್ತದೆ. ಪೆನ್ಸಿಲ್ವೇನಿಯಾ ಸ್ಟೇಟ್ ಯೂನಿವರ್ಸಿಟಿಯ ಸಿಂಥಿಯಾ ಬ್ರೂವರ್ ರೂಪಿಸಿದ 'ಕಲರ್‌ಬ್ರೂವರ್' ಬಣ್ಣಗಳೂ ಕ್ಯೂಜಿಐಎಸ್ ಒಳಗೇ ಇವೆ. ಅವರ ಜಾಲತಾಣದಲ್ಲಿ ಝೆರಾಕ್ಸಿಗೆ ಆಗುವ ಬಣ್ಣಗಳನ್ನು ಮಾತ್ರ ತೋರಿಸು ಎಂದು ಕೇಳಬಹುದು. ಎರಡು ಬಾಲದ ಬಣ್ಣ ಮಾತ್ರ ಝೆರಾಕ್ಸಿನಲ್ಲಿ ಉಳಿಯುವುದಿಲ್ಲ, ಎರಡು ತುದಿಯೂ ಕಡು ತಾನೆ. ಅಲ್ಲಿ ಕೊರತೆಯ ಕಡೆಗೆ ಗೆರೆ ತುಂಬಿಸಿ.

ಲಕ್ಷಣ: ಚುಕ್ಕೆಗಳು ಹೇಳಿದ ಮಾತು ಕೇಳುತ್ತಿಲ್ಲ

ಒಂದೇ ಚುಕ್ಕೆ ಅರ್ಧ ರಾಜ್ಯ ನುಂಗಿದೆಯಾ? ಸೈಜ್ ಪಕ್ಕದಲ್ಲಿ 'ಮಿಲಿಮೀಟರ್' ಬದಲು 'ಮ್ಯಾಪ್ ಯೂನಿಟ್ಸ್' ಇರಬೇಕು. ಪ್ರಾಜೆಕ್ಟ್ ಇಪಿಎಸ್‌ಜಿ 4326ರಲ್ಲಿ, ಅಂದರೆ ಅಕ್ಷಾಂಶ ರೇಖಾಂಶದಲ್ಲಿ ಇದ್ದರೆ, 2 ಎಂದರೆ 2 ಡಿಗ್ರಿ. ಸುಮಾರು 220 ಕಿಲೋಮೀಟರ್ ಅಗಲ! ಬೆಂಗಳೂರಿನ ಚುಕ್ಕೆ ತುಮಕೂರು, ಕೋಲಾರ, ಮಂಡ್ಯ ಎಲ್ಲವನ್ನೂ ಮುಚ್ಚುತ್ತದೆ. ಅದೇ ಪ್ರಾಜೆಕ್ಟ್ ಮೀಟರ್ ಲೆಕ್ಕದಲ್ಲಿದ್ದರೆ 2 ಮೀಟರ್, ಚುಕ್ಕೆ ಕಾಣುವುದೇ ಇಲ್ಲ. ಎರಡಕ್ಕೂ ಮದ್ದು ಮಿಲಿಮೀಟರ್.

ವೃತ್ತಗಳು ಅತಿಯಾಗಿ ಕಾಣುತ್ತಿವೆಯಾ? ಬೆಂಗಳೂರು ನಗರದ ಜನ 96 ಲಕ್ಷ, ಕೊಡಗಿನವರು 5.5 ಲಕ್ಷ. ಹೆಚ್ಚುಕಡಿಮೆ 17 ಪಟ್ಟು. ವ್ಯಾಸವನ್ನೇ 17 ಪಟ್ಟು ಮಾಡಿದರೆ ವೃತ್ತದ ವಿಸ್ತೀರ್ಣ ಸುಮಾರು 300 ಪಟ್ಟಾಗುತ್ತದೆ, ಕಣ್ಣು ನೋಡುವುದು ವಿಸ್ತೀರ್ಣವನ್ನೇ. ವ್ಯಾಸ ನಾಲ್ಕು ಪಟ್ಟಿದ್ದರೆ ಸಾಕು. ಸೈಜ್ ಅಸಿಸ್ಟೆಂಟಿನಲ್ಲಿ 'ರೇಡಿಯಸ್' ಇದ್ದರೆ 'ಸರ್ಫೇಸ್' ಅಥವಾ 'ಫ್ಲಾನರಿ' ಮಾಡಿ. ಜನ ದೊಡ್ಡ ವೃತ್ತವನ್ನು ಇರುವುದಕ್ಕಿಂತ ಚಿಕ್ಕದಾಗಿ ಅಂದಾಜು ಮಾಡುತ್ತಾರೆ. ಅದನ್ನು ಸ್ವಲ್ಪ ಸರಿದೂಗಿಸುವುದೇ ಫ್ಲಾನರಿ.

ಚಿಹ್ನೆಯ ಜಾಗದಲ್ಲಿ ಪ್ರಶ್ನಾರ್ಥಕ ಬಂದರೆ ಎಸ್‌ವಿಜಿ ಚಿತ್ರ ಕಳೆದಿದೆ. ನಿಮ್ಮ ಲ್ಯಾಪ್‌ಟಾಪಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿದ್ದದ್ದು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಎಲ್ಲಿಂದ ಸಿಗಬೇಕು? ಚಿತ್ರ ಆರಿಸುವಾಗಲೇ 'ಎಂಬೆಡ್' ಮಾಡಿ. ಕನ್ನಡ ಲೇಬಲ್ ಇಂಗ್ಲಿಷ್ ಅಕ್ಷರದ ಗೊಂದಲವಾಗಿ ಕಂಡರೆ ಎನ್‌ಕೋಡಿಂಗ್ ಯುಟಿಎಫ್-8 ಮಾಡಿ ನೋಡಿ. ಆದರೂ ಹಾಗೇ ಇದ್ದರೆ ಅದು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು, ಯೂನಿಕೋಡಿಗೆ ಪರಿವರ್ತಿಸಬೇಕು. ಬರೀ '????' ಎಂದೇ ಸೇವ್ ಆಗಿದ್ದರೆ ಅಕ್ಷರ ಹೋಯಿತು, ಮೂಲ ಹಾಳೆಯಿಂದ ಮತ್ತೆ ತನ್ನಿ.

ಲಕ್ಷಣ: ಮಳೆ ಅಥವಾ ಎತ್ತರದ ಚಿತ್ರ ಪೂರ್ತಿ ಒಂದೇ ಬಣ್ಣ

ರಾಸ್ಟರ್ (ಚೌಕಚೌಕವಾಗಿ ಅಂಕಿ ತುಂಬಿದ) ಲೇಯರಿನ ಕನಿಷ್ಠ ಅಂಕಿ ನೋಡಿ. -9999 ಅಥವಾ -32768 ಇದೆಯಾ? ಅದು ಮಳೆಯೂ ಅಲ್ಲ, ಎತ್ತರವೂ ಅಲ್ಲ. ಇಲ್ಲಿ ಮಾಹಿತಿ ಇಲ್ಲ ಎಂಬ ಗುರುತು. ಸಾಫ್ಟ್‌ವೇರ್ ಅದನ್ನೂ ಅಂಕಿ ಎಂದು ತಿಳಿದು ಬಣ್ಣವನ್ನು ಅಲ್ಲಿಂದ ಹಿಗ್ಗಿಸಿದೆ. ನಿಮ್ಮ ನಿಜವಾದ ಅಂಕಿಗಳೆಲ್ಲ ಬಣ್ಣದ ಒಂದು ತುದಿಗೆ ಒತ್ತಿಹೋಗಿವೆ. 'ಟ್ರಾನ್ಸ್‌ಪರೆನ್ಸಿ' ಪುಟದ 'ಅಡಿಷನಲ್ ನೋ ಡೇಟಾ ವ್ಯಾಲ್ಯೂ'ನಲ್ಲಿ ಆ ಅಂಕಿ ಬರೆಯಿರಿ. ಇನ್ನೂ ಮಸುಕಾಗಿದ್ದರೆ ಕನಿಷ್ಠ-ಗರಿಷ್ಠದ ಬದಲು 2–98 ಶೇಕಡಾ ಕಟ್ (ಎರಡೂ ತುದಿಯ ಶೇಕಡಾ 2ರಷ್ಟು ಅಂಕಿ ಬಿಡುವುದು) ಆರಿಸಿ.

ಇಲ್ಲಿ ನಿಲ್ಲಿಸಿ, ಬೇರೆಯವರನ್ನು ಕೇಳಿ

ದೇಶದ ಗಡಿ ಇರುವ ನಕ್ಷೆ ಪ್ರಕಟಿಸುವುದಾದರೆ ಎಲ್ಲಿಂದಲೋ ಇಳಿಸಿಕೊಂಡ ಫೈಲನ್ನು ನಂಬಬೇಡಿ. ಹೊರದೇಶದ ಎಷ್ಟೋ ಫೈಲುಗಳಲ್ಲಿ ಜಮ್ಮು ಕಾಶ್ಮೀರದ ಗಡಿ ಬೇರೆ ಇರುತ್ತದೆ. ಸರ್ವೇ ಆಫ್ ಇಂಡಿಯಾದ ನಕ್ಷೆಗೆ ಹೊಂದದ ಭಾರತ ನಕ್ಷೆ ಪ್ರಕಟಿಸುವುದು ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ ದಂಡ ಇದೆ. ಗಡಿ ಫೈಲನ್ನು ಅವರ ಪೋರ್ಟಲಿನಿಂದಲೇ ತನ್ನಿ.

ಆಸ್ಪತ್ರೆಗೆ ಬಿಳಿ ಮೇಲೆ ಕೆಂಪು ಕ್ರಾಸ್ ಹಾಕುವ ಅಭ್ಯಾಸ ಬಿಡಿ. ಅನುಮತಿ ಇಲ್ಲದೆ ಆ ಗುರುತು ಬಳಸುವುದನ್ನು 1960ರ ಜಿನೀವಾ ಕನ್ವೆನ್ಷನ್ಸ್ ಕಾಯ್ದೆ ತಡೆಯುತ್ತದೆ. ಹಾಸಿಗೆಯ ಚಿಹ್ನೆ ಹಾಕಿ, ಯಾರಿಗೂ ಅರ್ಥವಾಗುತ್ತದೆ.

ರೋಗಿಗಳ ಮನೆ, ಪಿಂಚಣಿ ಪಡೆಯುವವರ ಮನೆ ಇಂಥ ಚುಕ್ಕೆ ನಕ್ಷೆಯನ್ನು ಹಾಗೇ ಹಂಚಬೇಡಿ. ಹಳ್ಳಿಯಲ್ಲಿ ಒಂದು ಚುಕ್ಕೆ ಎಂದರೆ ಒಂದು ಮನೆ, ಹೆಸರು ಬರೆಯದಿದ್ದರೂ ಯಾರೆಂದು ಗೊತ್ತಾಗುತ್ತದೆ. ಗ್ರಾಮ ಪಂಚಾಯಿತಿ ಮಟ್ಟಕ್ಕೆ ಕೂಡಿಸಿ. ನೆರೆ, ಗುಡ್ಡ ಕುಸಿತದ ಅಪಾಯ ವಲಯ ಬಿಡಿಸಿ ಜನರಿಗೆ ಕೊಡುವುದಾದರೆ ನಿಮ್ಮ ಅಂದಾಜಿನ ಕ್ಲಾಸ್ ಗಡಿ ಸಾಲದು. 'ಮಧ್ಯಮ' ಎಂಬ ಹಳದಿಯನ್ನು ನಂಬಿ ಒಬ್ಬರು ಮನೆಯಲ್ಲೇ ಉಳಿಯಬಹುದು. ಆ ವಿಷಯ ಗೊತ್ತಿರುವವರು ನೋಡಿ ಒಪ್ಪುವವರೆಗೆ ಹೊರಗೆ ಬಿಡಬೇಡಿ.

ಇಷ್ಟೆಲ್ಲ ಮಾಡಿಯೂ ಸರಿಹೋಗದೆ ಯಾರನ್ನಾದರೂ ಕೇಳುವಾಗ ನಾಲ್ಕು ಕಳಿಸಿ: ಲೆಜೆಂಡ್ ಪೂರ್ತಿ ಕಾಣುವ ಸ್ಕ್ರೀನ್‌ಶಾಟ್, ಹಿಸ್ಟೋಗ್ರಾಮ್, ಟೇಬಲಿನ ಮೊದಲ ಹತ್ತು ಸಾಲು, ಕ್ಯೂಜಿಐಎಸ್ ಆವೃತ್ತಿ. ಬರೀ ನಕ್ಷೆಯ ಫೋಟೋ ಕಳಿಸಿ "ಕಲರ್ ಸರಿ ಇಲ್ಲ" ಅಂದರೆ, ನಾನಂತೂ ಮೊದಲು ಲೆಜೆಂಡ್ ಕಳಿಸಿ ಅನ್ನುತ್ತೇನೆ.